ಒಗೆಯುವ ಕಲ್ಲಿನ ಬುಡದಲ್ಲಿ ಅಣಬೆ ಇರಲಿಲ್ಲ

ಒಗೆಯುವ ಕಲ್ಲಿನ ಬುಡದಲ್ಲಿ ಅಣಬೆ ಇರಲಿಲ್ಲ. ಯಾವತ್ತೂ ಇರಲಿಲ್ಲ. ಇತ್ತು ಎಂದವಳು ನಾನು — ಸುಳ್ಳೆಂದು ತಿಳಿದೇ ಹೇಳಿದೆ, ಕೇಳಿದವರಿಗೆಲ್ಲ ಹೇಳಿದೆ, ಕಾಲೇಜಿನ ಮಾಸ್ಟ್ರು ನಮ್ಮ ಚಾವಡಿಯಲ್ಲಿ ಕೂತು ನನ್ನ ಮುಖ ನೋಡಿ ಕೇಳಿದಾಗಲೂ ಹೇಳಿದೆ. ಆ ಸುಳ್ಳು ಬಿದ್ದದ್ದು ನನ್ನ ತಲೆಯ ಮೇಲಲ್ಲ. ನನ್ನ ಗಂಡನ ತಂಗಿ ವಾರಿಜಳ ತಲೆಯ ಮೇಲೆ. ಅವಳನ್ನು ಮೋಸಗಾತಿ ಎಂದರು. ಅವಳ ಓದು ಅಲ್ಲಿಗೆ ನಿಂತಿತು. ನಾನು ಖಾಲಿ ಕಾಫಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ.

ಅಳುತ್ತಾ ಬರೆಯುತ್ತಿದ್ದೇನೆ ಎಂದು ಯಾರೂ ತಿಳಿಯಬೇಡಿ. ಸಿಟ್ಟಿನಿಂದ ಬರೆಯುತ್ತಿದ್ದೇನೆ. ಬೇರೆಯವರ ಮೇಲೂ ಸಿಟ್ಟುಂಟು, ಅದನ್ನೂ ಹೇಳುತ್ತೇನೆ. ಆದರೆ ಮೊದಲ ಸಿಟ್ಟು ನನ್ನ ಈ ನಾಲಿಗೆಯ ಮೇಲೆ. ದಿನಾ ಸಂಜೆ ದೇವರ ನಾಮ ಹೇಳುವ ನಾಲಿಗೆ ಇದು.

ನಮ್ಮ ಮನೆ ಮಂಗಳೂರಿನ ಮಣ್ಣಗುಡ್ಡದಲ್ಲಿ. ಆಗ ಮನೆಯಲ್ಲಿ ಇದ್ದವರು ಅತ್ತೆ, ನಮ್ಮವರು, ವಾರಿಜ, ನಾನು. ನಮ್ಮವರಿಗೆ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತೆಯ ಕೆಲಸ. ಮನೆಯ ಹಿಂದೆ ಬಾವಿ, ಬಾವಿಯ ಹತ್ತಿರ ಬಟ್ಟೆ ಒಗೆಯುವ ಕಲ್ಲು, ಅದರಾಚೆ ದನದ ಹಟ್ಟಿ, ಹಟ್ಟಿಯಿಂದಾಚೆ ನಾಗಬನ. ಕುಟುಂಬದ ನಾಗನ ಕಲ್ಲುಗಳು ಇರುವ ಆ ಬನಕ್ಕೆ ಯಾರೂ ಕತ್ತಿ ಹಾಕುವಂತಿರಲಿಲ್ಲ. ಒಂದು ಒಣಗಿದ ಎಲೆಯನ್ನೂ ತರುವಂತಿರಲಿಲ್ಲ. ನಾಗರಪಂಚಮಿಗೆ ಭಟ್ಟರ ಜೊತೆ ಗಂಡಸರು ಒಳಗೆ ಹೋಗಿ ಕಲ್ಲಿಗೆ ಹಾಲು, ಸೀಯಾಳದ ತನು ಎರೆದು ಬರುವುದು. ಹೆಂಗಸರು ಹೊರಗಿನ ಕಲ್ಲಿಗೆ ದೀಪ ಇಟ್ಟು ಕೈಮುಗಿಯುವುದು. ಇಷ್ಟೇ. ಬನದ ಕಟ್ಟಿಗೆ ಮುಟ್ಟಿದರೆ ಸಂತಾನ ಆಗುವುದಿಲ್ಲ ಎಂಬುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ನನಗೆ ಮದುವೆಯಾಗಿ ಬಹಳ ಕಾಲವಾಗಿಯೂ ಮಕ್ಕಳಿರಲಿಲ್ಲ. ಮನೆಗೆ ಬಂದವರು ಮೊದಲು ನನ್ನ ಹೊಟ್ಟೆ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು.

ವಾರಿಜ ಕೊಡಿಯಾಲ್‌ಬೈಲಿನ ಕಡೆಯ ಕಾಲೇಜಿಗೆ ನಡೆದು ಹೋಗಿ ಬರುತ್ತಿದ್ದಳು. ನಮ್ಮ ಕುಟುಂಬದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಸಸ್ಯಶಾಸ್ತ್ರ ಅವಳಿಗೆ ಹುಚ್ಚು, ಅದರಲ್ಲೂ ಅಣಬೆ. ಹೂವಿಲ್ಲದ, ಬೀಜವಿಲ್ಲದ ಈ ವಸ್ತುವನ್ನು ಮೂಸಿ, ಸೀಳಿ, ಭೂತಗನ್ನಡಿಯಲ್ಲಿ ನೋಡಿ ಇದು ಇಂಥ ಕುಲದ್ದು, ಅದು ಅಂಥ ಕುಲದ್ದು ಎಂದು ವಿಂಗಡಿಸುವುದೇ ಅವಳ ಮಳೆಗಾಲ. ಹಾಲಿನವಳಿಂದ ಹಿಡಿದು ನಮ್ಮವರವರೆಗೆ ಎಲ್ಲರಿಗೂ ಹೇಳಿಟ್ಟಿದ್ದಳು — ಎಲ್ಲಿ ಅಣಬೆ ಕಂಡರೂ ಬುಡಸಮೇತ ಕಿತ್ತು ತನ್ನಿ, ಮುರಿಯಬೇಡಿ.

ಅಣಬೆಗೆ ತುಳುವಿನಲ್ಲಿ ಲಾಂಬು ಎನ್ನುತ್ತೇವೆ. ಅತ್ತೆ ತಮಾಷೆ ಮಾಡುತ್ತಿದ್ದರು. "ಲಾಂಬಿಗೂ ಬರಿ ಉಂಟಾ ಮಾರಾಯ್ತಿ?" ಬರಿ ಎಂದರೆ ನಮ್ಮಲ್ಲಿ ತಾಯಿಯ ಕಡೆಯಿಂದ ಬರುವ ಗೋತ್ರ.

"ಉಂಟು ಅಮ್ಮ. ಮನುಷ್ಯರಿಗಿಂತ ಹೆಚ್ಚುಂಟು."

"ಹಾಗಾದರೆ ಒಂದೇ ಬರಿಯವಕ್ಕೆ ಮದುವೆ ಮಾಡಿಸಬೇಡ. ನಿನಗೆ ಒಂದು ಗಂಡು ನೋಡುವಾಗ ಬರಿ ನೋಡಿ ನೋಡಿ ನನ್ನ ಕಣ್ಣು ಹೋಗ್ತಾ ಉಂಟು."

ನಗುತ್ತಿದ್ದೆವು. ಆ ಮನೆಯಲ್ಲಿ ನಗು ಇತ್ತು ಎಂಬುದನ್ನು ಹೇಳದೆ ಹೋದರೆ ಅದು ಇನ್ನೊಂದು ಸುಳ್ಳಾದೀತು.

ಆಟಿ, ನಮ್ಮ ತುಳುವರ ಆಷಾಢ ತಿಂಗಳು. ಹೊರಗೆ ಕಾಲಿಡಲಾಗದ ಮಳೆ. ಸೌದೆಯ ರಾಶಿಗೆ ತೆಂಗಿನ ಮಡಲು ಮುಚ್ಚುವುದನ್ನು ನಾನು ಮರೆತಿದ್ದೆ — ನನ್ನದೇ ತಪ್ಪು — ಕಟ್ಟಿಗೆಯೆಲ್ಲ ನೆನೆದು ಒಲೆ ಹೊತ್ತಲಿಲ್ಲ, ಬರೀ ಹೊಗೆ. ಅತ್ತೆ ಸ್ನಾನಕ್ಕೆ ಹೋಗಿದ್ದರು. ಬಂದು ಗಂಜಿ ಕೇಳುತ್ತಾರೆ. ಬನದ ದಟ್ಟ ಕೊಂಬೆಗಳ ನಡುವೆ ಸಿಕ್ಕಿಕೊಂಡ ಒಣ ರೆಂಬೆಗಳು ಮಳೆಗೂ ನೆನೆಯುವುದಿಲ್ಲ, ಹೊರಗಿನಿಂದಲೇ ಕಾಣುತ್ತಿದ್ದವು. ನಾನು ಒಳಗೆ ಕಾಲಿಟ್ಟೆ. ನಾಗನಿಗೆ ಕೈಮುಗಿದೇ ಕಾಲಿಟ್ಟೆ. ಕಂಕುಳಿಗೆ ಆಗುವಷ್ಟು ಮುರಿದುಕೊಂಡು ತಿರುಗಿದಾಗ ಕಂಡಿತು — ಬಿದ್ದು ಕೊಳೆಯುತ್ತಿದ್ದ ಪಾಲೆ ಮರದ ದಿಮ್ಮಿಯ ಮೇಲೆ ಮೂರು ಅಣಬೆ. ಬೂದುಬಿಳಿಯ ಟೊಪ್ಪಿ, ಕೊರಳಿಗೆ ತೆಳ್ಳನೆಯ ಬಳೆ, ಪಾದಕ್ಕೆ ಬಟ್ಟಲಿನಂಥ ಚೀಲ. ಮಗುವನ್ನು ಬಟ್ಟಲಿನಲ್ಲಿ ನಿಲ್ಲಿಸಿದ ಹಾಗೆ. ವಾರಿಜಳಿಗೆ ಆಗಬಹುದು ಎಂದು ಒಂದನ್ನು ಬುಡಸಮೇತ ಬಿಡಿಸಿ ಸೆರಗಿನಲ್ಲಿ ಸುತ್ತಿಕೊಂಡೆ.

ಅದನ್ನು ಪ್ರೀತಿಯಿಂದಲೇ ತಂದದ್ದು. ಈ ಮಾತನ್ನು ಬರೆದು ಹೊಡೆದುಹಾಕಿದೆ, ಮತ್ತೆ ಬರೆದೆ. ಇರಲಿ. ಪ್ರೀತಿಯಿಂದ ತಂದವಳೇ ಆಮೇಲೆ ಮಾಡಿದ್ದನ್ನು ಮಾಡಿದಳು ಎನ್ನುವುದು ಗೊತ್ತಾಗಲಿ.

ವಾರಿಜ ಅದನ್ನು ನೋಡಿ ಕೂಗಿಯೇ ಬಿಟ್ಟಳು. "ಎಲ್ಲಿ ಸಿಕ್ಕಿತು ಅತ್ತಿಗೆ?"

ಅತ್ತೆ ತಲೆ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದರು. ಒಲೆಯಲ್ಲಿ ಬನದ ಕಟ್ಟಿಗೆ ಚೆನ್ನಾಗಿ ಉರಿಯುತ್ತಿತ್ತು.

"ಒಗೆಯುವ ಕಲ್ಲಿನ ಬುಡದಲ್ಲಿ," ಎಂದೆ.

ಅಷ್ಟು ಸುಲಭವಾಗಿ ಬಂತು ಮಾತು. ಅವಳು ಬುಡವನ್ನು ಬೆಳಕಿಗೆ ಹಿಡಿದು ನೋಡಿದಳು. "ಬುಡದಲ್ಲಿ ಮರದ ನಾರು ಅಂಟಿದೆಯಲ್ಲ?"

"ಸೌದೆಯ ಒಟ್ಟಿಗೆ ತಂದದ್ದು. ತಾಗಿರಬೇಕು."

"ಹಾಗಾ," ಎಂದಳು. ತನ್ನ ಕಣ್ಣು ಕಂಡದ್ದನ್ನು ಬಿಟ್ಟು ನನ್ನ ಮಾತನ್ನು ನಂಬಿದಳು. ಚೀಟಿ ಬರೆದಳು. ಅವರ ಶಾಸ್ತ್ರದಲ್ಲಿ ಪ್ರತಿಯೊಂದಕ್ಕೂ ಒಂದು ಚೀಟಿ — ಯಾವ ಊರು, ಯಾವ ಜಾಗ, ಮಣ್ಣಿನಲ್ಲೋ ಮರದಲ್ಲೋ ಸಗಣಿಯಲ್ಲೋ, ಯಾರು ಕಿತ್ತದ್ದು. ಆ ಚೀಟಿ ಇಲ್ಲದ ಅಣಬೆ ಬರೀ ಪಲ್ಯದ ಅಣಬೆ ಎನ್ನುತ್ತಿದ್ದಳು. "ಮಣ್ಣಿನಲ್ಲಿ" ಎಂದು ನನ್ನ ಕಣ್ಣ ಮುಂದೆಯೇ ಬರೆದಳು. ನಾನು ಗಂಜಿ ಬಸಿಯುತ್ತಿದ್ದೆ.

ಆಮೇಲೆ ಟೊಪ್ಪಿಯನ್ನು ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಬೋರಲು ಹಾಕಿ, ಮೇಲೆ ನನ್ನ ಹಿತ್ತಾಳೆಯ ಬೋಗುಣಿ ಮುಚ್ಚಿದಳು. ಮರುದಿನ ಬೆಳಿಗ್ಗೆ ತೆಗೆದಾಗ ಕಾಗದದ ಮೇಲೆ ಹುಡಿ ಉದುರಿ ಗೆರೆ ಗೆರೆಯಾಗಿ ಒಂದು ಚಕ್ರ ಮೂಡಿತ್ತು, ಬೇಯಿಸಿದ ಸಿಗಡಿಯ ಬಣ್ಣದಲ್ಲಿ. ಅತ್ತೆ ಬಗ್ಗಿ ನೋಡಿ, "ಅಬ್ಬೊ, ಲಾಂಬು ರಂಗೋಲಿಯೂ ಹಾಕ್ತದಾ?" ಎಂದರು. ವಾರಿಜ ನಗಲಿಲ್ಲ. ಕೊರಳಿಗೆ ಬಳೆಯೂ ಪಾದಕ್ಕೆ ಬಟ್ಟಲೂ ಎರಡೂ ಇರುವ ಅಣಬೆಯ ಹುಡಿ ಬಿಳಿ ಇರಬೇಕು, ಅವು ವಿಷದ ಕುಲ. ಹುಡಿ ಗುಲಾಬಿ ಇರುವ ಕುಲಕ್ಕೆ ಬಟ್ಟಲು ಉಂಟು, ಬಳೆ ಇಲ್ಲ ಎಂದು ನನಗೆ ಬಿಡಿಸಿ ಹೇಳಿದಳು. "ಇದಕ್ಕೆ ಎರಡೂ ಉಂಟು, ಹುಡಿ ಗುಲಾಬಿ. ಇದು ಯಾರ ಪುಸ್ತಕದಲ್ಲಿಯೂ ಇಲ್ಲ ಅತ್ತಿಗೆ."

"ಇಲ್ಲದಿದ್ದರೆ ಎಂತ ಮಾಡುದು?"

"ಹೆಸರಿಡುದು. ಎರಡು ಹೆಸರು. ಮೊದಲಿನದು ಬರಿ ಇದ್ದ ಹಾಗೆ, ಇಡೀ ಕುಟುಂಬದ್ದು. ಎರಡನೆಯದು ಇದೊಂದರದ್ದೇ."

"ನಿನ್ನದೇ ಇಡು."

"ತನ್ನದನ್ನು ತಾನೇ ಇಡ್ಲಿಕ್ಕಿಲ್ಲ. ಅದು ಕ್ರಮ ಅಲ್ಲ."

"ನಾವು ಗಂಡನ ಹೆಸರು ಹೇಳದ ಹಾಗೆಯಾ?"

"ಹಾಗೇ ಅಂತ ಇಟ್ಟುಕೊಳ್ಳಿ." ಈಗ ನಕ್ಕಳು. "ಕಿತ್ತು ತಂದವರ ಹೆಸರು ಇಡಬಹುದು. ದೇವಕಿ ಅಂತ ಇಟ್ಟು ಒಂದು ಲ್ಯಾಟಿನ್ ಬಾಲ ಅಂಟಿಸ್ತೇನೆ. ನೋಡಿ, ಸೀಮೆಯ ದೊಡ್ಡ ದೊಡ್ಡ ಪಂಡಿತರೂ ಇನ್ನು ನಿಮ್ಮ ಹೆಸರು ಹೇಳಬೇಕು."

ಸಂತೋಷವಾಗಬೇಕಿತ್ತು. ನನಗೆ ಹೆದರಿಕೆಯಾಯಿತು. ನನ್ನ ಹೆಸರು, ಅದರ ಪಕ್ಕದಲ್ಲಿ ಜಾಗದ ಹೆಸರು, ಅಚ್ಚಾಗಿ ಎಲ್ಲರ ಕೈಗೆ ಹೋಗುತ್ತದೆ. ಒಂದು ಸಲ ಇಟ್ಟ ಹೆಸರನ್ನು ಆಮೇಲೆ ಯಾರೂ ಅಳಿಸುವಂತಿಲ್ಲ ಎಂದೂ ಅವಳೇ ಹೇಳಿದ್ದಳು. ಆಗಲಾದರೂ ಹೇಳಬಹುದಿತ್ತು. ವಾರಿಜಾ, ಆ ಚೀಟಿ ಹರಿ — ಎಂದರೆ ಸಾಕಿತ್ತು. ಅವಳು ಅತ್ತೆಗೆ ಹೇಳುತ್ತಿರಲಿಲ್ಲ. ನನಗೆ ಗೊತ್ತು, ಹೇಳುತ್ತಿರಲಿಲ್ಲ. ಆದರೂ ನಾನು —

ಉಳಿದ ಭಾಗವನ್ನು ಒಲೆಯ ಮೇಲಿನ ಬಿದಿರಿನ ತಟ್ಟಿಯಲ್ಲಿಟ್ಟು ಒಣಗಿಸಿ ಕೊಟ್ಟವಳೂ ನಾನೇ. ಮಾಸ್ಟ್ರು ಅದನ್ನೂ ಹುಡಿಯ ಕಾಗದವನ್ನೂ ಚೀಟಿಯನ್ನೂ ಮದರಾಸಿನ ಒಬ್ಬ ವಿದ್ವಾಂಸರಿಗೆ ಕಳಿಸಿದರು.

ಉತ್ತರ ಬಂದದ್ದು ದಸರಾ ಕಳೆದ ಮೇಲೆ. ಮಾಸ್ಟ್ರು ಮನೆಗೇ ಬಂದರು, ನಮ್ಮವರ ಹತ್ತಿರ ಮಾತಾಡಲು. ವಾರಿಜ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಕಾಫಿ ತಂದೆ.

"ದಾರಿಯಲ್ಲಿ ಹುಳ ಹಿಡಿದು ಟೊಪ್ಪಿಯ ಒಳಗೆಲ್ಲ ಪುಡಿಯಾಗಿದೆ. ಹುಡಿಯ ಬಣ್ಣಕ್ಕೆ ಸಾಕ್ಷಿ ಎಂದರೆ ಆ ಕಾಗದ ಮಾತ್ರ," ಎಂದರು. "ಚೀಟಿಯಲ್ಲಿ ಮಣ್ಣು ಅಂತ ಉಂಟು. ಬುಡದಲ್ಲಿರುವುದು ಕೊಳೆತ ಮರದ ನಾರು. ಜಾಗವೇ ಸುಳ್ಳಾದರೆ ಹುಡಿಯನ್ನು ನಂಬುವುದು ಹೇಗೆ ಎಂದು ಅವರು ಕೇಳ್ತಾರೆ. ಒಂದು ಅಣಬೆಯ ಕಾಲು, ಇನ್ನೊಂದರ ಹುಡಿ ಸೇರಿಸಿ ಹೊಸದು ಹುಟ್ಟಿಸಿದ್ದಾರೆ ಎಂಬ ಸಂಶಯ."

ನಮ್ಮವರು, "ನಮ್ಮ ಹುಡುಗಿ ಸುಳ್ಳು ಹೇಳುವವಳಲ್ಲ" ಎಂದರು.

"ಹುಡುಗಿ ಸುಳ್ಳು ಹೇಳಿದಳು ಎಂದು ನಾನು ಹೇಳುವುದಿಲ್ಲ. ಅಣಬೆ ಹೇಳ್ತದೆ." ಹಾಗೆಂದು ನನ್ನ ಕಡೆ ತಿರುಗಿದರು. "ಕಿತ್ತದ್ದು ನೀವಂತೆ. ಸರಿಯಾಗಿ ನೆನಪು ಮಾಡಿ ಹೇಳಿ ಅಮ್ಮ. ಮಣ್ಣಿನಲ್ಲೋ, ಮರದಲ್ಲೋ?"

ಒಳಬಾಗಿಲಲ್ಲಿ ಅತ್ತೆ ಇದ್ದರು.

"ಮಣ್ಣಿನಲ್ಲಿ," ಎಂದೆ.

ವಾರಿಜಳ ಮುಖ ಅರಳಿತು. "ನೋಡಿ ಸರ್. ನಮ್ಮ ಅತ್ತಿಗೆ ಸುಳ್ಳು ಹೇಳುವವರಲ್ಲ."

ಇದನ್ನು ಇಷ್ಟು ಕಾಲ ಹೊತ್ತುಕೊಂಡು ತಿರುಗಿದ್ದೇನೆ. ಅಡುಗೆ ಮಾಡುವಾಗ, ದೀಪ ಹಚ್ಚುವಾಗ, ಯಾರಾದರೂ ನನ್ನನ್ನು ಹೊಗಳುವಾಗ — ನಮ್ಮ ಅತ್ತಿಗೆ ಸುಳ್ಳು ಹೇಳುವವರಲ್ಲ.

ಮಾಸ್ಟ್ರು ಒಂದು ದಾರಿ ಬಿಟ್ಟರು. ಬರುವ ಮಳೆಗಾಲದಲ್ಲಿ ಅದೇ ಜಾಗದಿಂದ ಹಸಿ ಅಣಬೆ ತಂದು ಅವರೆದುರಿಗೇ ಹುಡಿ ಬೀಳಿಸಿ ತೋರಿಸಬೇಕು. ತೋರಿಸಿದರೆ ಮದರಾಸಿನಲ್ಲಿ ಮುಂದೆ ಓದಲು ಅವರೇ ಶಿಫಾರಸು ಬರೆಯುತ್ತಾರೆ. ಇಲ್ಲದಿದ್ದರೆ, ಶಾಸ್ತ್ರಕ್ಕೆ ಮೋಸ ಮಾಡುವವರಿಗೆ ತನ್ನ ಹತ್ತಿರ ಜಾಗವಿಲ್ಲ. ಅವರ ಮೇಲೆ ನನಗೆ ಸಿಟ್ಟುಂಟು. ಕಾಫಿ ಕುಡಿದ ಜಾಗದಿಂದ ಒಗೆಯುವ ಕಲ್ಲಿಗೆ ನಾಲ್ಕು ಹೆಜ್ಜೆ. ಎದ್ದು ಬಂದು ನೋಡಲಿಲ್ಲ. ಸೋಪಿನ ನೀರು ಹರಿಯುವ ಆ ಜಾಗದಲ್ಲಿ ಹುಲ್ಲೂ ಹುಟ್ಟುವುದಿಲ್ಲ ಎಂದು ನೋಡಿದರೆ ಯಾರಿಗಾದರೂ ತಿಳಿಯುತ್ತಿತ್ತು. ಸುಳ್ಳು ಯಾರದ್ದು ಎಂದೂ ತಿಳಿಯುತ್ತಿತ್ತು. ಅವರು ಚಪ್ಪಲಿ ಮೆಟ್ಟಿಕೊಂಡು ಹೋದರು. ಆದರೆ ಅವರು ಎದ್ದು ಬರದಿರಲಿ ಎಂದು ಒಳಗೆ ನಿಂತು ಬೇಡಿಕೊಂಡವಳು ಯಾರು?

ಆ ಚಳಿಗಾಲ ಕಳೆಯುತ್ತಲೇ ನಾನು ಬಸುರಿಯಾದೆ. ಮನೆಯಲ್ಲಿ ಹಬ್ಬ. ಅತ್ತೆ ನನ್ನನ್ನು ಬಾವಿಯ ಹಗ್ಗ ಮುಟ್ಟಲು ಬಿಡಲಿಲ್ಲ. ನಾಗನ ದಯೆ, ನಾಗನ ದಯೆ ಎಂದು ಎಲ್ಲರ ಬಾಯಲ್ಲಿ. ದೇವರು ಕೊಟ್ಟ ಸಣ್ಣ ಪುಟ್ಟ ಉಪಕಾರಗಳನ್ನು ಸಂಜೆ ದೀಪದ ಮುಂದೆ ಎಣಿಸುವುದು ನನ್ನ ಹಳೆಯ ಅಭ್ಯಾಸ — ಇವತ್ತು ಹಾಲು ಒಡೆಯಲಿಲ್ಲ, ಅತ್ತೆಯ ಮಂಡಿನೋವು ಕಡಿಮೆಯಾಯಿತು, ನಮ್ಮವರು ಮಳೆಗೆ ಮೊದಲೇ ಮನೆ ಸೇರಿದರು. ಈಗ ಎಣಿಸಲು ಅಷ್ಟು ದೊಡ್ಡದು ಸಿಕ್ಕಿತ್ತು. ಬನ ಮುಟ್ಟಿದವಳಿಗೂ ಅವನು ಕೊಟ್ಟಿದ್ದ. ಅದನ್ನು ನಾನು ಕ್ಷಮೆ ಎಂದು ತಿಳಿಯಬೇಕಿತ್ತು. ಹೆದರಿಕೆ ಎಂದು ತಿಳಿದೆ. ಕೊಟ್ಟದ್ದನ್ನು ಕಿತ್ತುಕೊಂಡರೆ?

ಮಳೆ ಹಿಡಿಯಿತು. ವಾರಿಜ ದಿನಾ ಬೆಳಿಗ್ಗೆ ಒಗೆಯುವ ಕಲ್ಲಿನ ಸುತ್ತ ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದಳು, ತಾಳೆಗರಿಯ ಓಲಿ ಕೊಡೆ ಹಿಡಿದುಕೊಂಡು. ಕಲ್ಲಿನ ಬುಡವನ್ನು ಕಡ್ಡಿಯಿಂದ ಕೆದಕುತ್ತಿದ್ದಳು. ಅಲ್ಲಿ ಸೋಪಿನ ನೀರು ಚೆಲ್ಲಬೇಡಿ ಅತ್ತಿಗೆ ಎಂದು ಒಗೆತವನ್ನು ಬಾವಿಯ ಆಚೆ ಬದಿಗೆ ಮಾಡಿಸಿದಳು. ನೀರು ಅವಳೇ ಸೇದಿ ಕೊಟ್ಟಳು, ನಾನು ಆಚೆ ಬದಿಯಲ್ಲಿ ಒಗೆದೆ. ನಗಬೇಡಿ. ಇಲ್ಲ, ನಗಿ. ಬಟ್ಟೆ ಕುಕ್ಕುತ್ತಾ, ಇಲ್ಲದ ಅಣಬೆಗಾಗಿ ಅವಳು ಮಳೆಯಲ್ಲಿ ನೆನೆಯುವುದನ್ನು ನೋಡುತ್ತಿದ್ದೆ.

ಆಟಿ ಬಂತು. ಒಂದು ದಿನ ಬನದ ಹೊರಗಿನ ಕಲ್ಲಿಗೆ ದೀಪ ಇಡಲು ಹೋದಾಗ ಎಲೆಗಳ ಸಂದಿಯಿಂದ ಕಂಡಿತು. ಅದೇ ದಿಮ್ಮಿ, ಅದೇ ಬೂದುಬಿಳಿಯ ಟೊಪ್ಪಿಗಳು. ಈ ಸಲ ಒಂದು ಗುಂಪೇ.

ಒಂದನ್ನು ಕಿತ್ತು ತಂದು ಅವಳ ಕೈಯಲ್ಲಿ ಇಟ್ಟಿದ್ದರೆ! ಓದುವ ನೀವು ಅದನ್ನೇ ಕೇಳುತ್ತಿದ್ದೀರಿ, ನಾನೂ ದಿನಾ ಕೇಳಿಕೊಂಡಿದ್ದೇನೆ. ಇಟ್ಟಿದ್ದರೆ ಅವಳು ಬುಡ ನೋಡುತ್ತಿದ್ದಳು. ಈ ಸಲ ಸೌದೆಯ ಕಥೆ ನಡೆಯುತ್ತಿರಲಿಲ್ಲ. ಮಾಸ್ಟ್ರು ಜಾಗ ತೋರಿಸಿ ಎನ್ನುತ್ತಿದ್ದರು. ಜಾಗ ಎಂದರೆ ಬನ. ಆಮೇಲೆ ಅತ್ತೆ, ಅತ್ತೆಯ ಅಣ್ಣ ಯಜಮಾನ್ರು, ಇಡೀ ಕುಟುಂಬ — ಬನದ ಕಟ್ಟಿಗೆ ಸುಟ್ಟು ಗಂಜಿ ಬೇಯಿಸಿದ ಹೆಂಗಸು. ನನ್ನ ಹೊಟ್ಟೆಯಲ್ಲಿದ್ದದ್ದಕ್ಕೆ ಏನಾದರೂ ಆದರೆ ಅದು ನನ್ನ ಕೈಯಿಂದಲೇ ಆದದ್ದು ಎಂದಾಗುತ್ತಿತ್ತು. ಇದು ಕಾರಣ. ಕ್ಷಮೆ ಕೇಳುವ ಕಾರಣವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೇನೆ.

ಮರುದಿನ ವಾರಿಜ ಹಟ್ಟಿಯ ಹತ್ತಿರ ನಿಂತು ಬನವನ್ನೇ ನೋಡುತ್ತಿದ್ದಳು.

"ಅತ್ತಿಗೆ, ಹುಡಿ ಗಾಳಿಯಲ್ಲಿ ಹಾರ್ತದೆ. ಕಲ್ಲಿನ ಬುಡಕ್ಕೆ ಬಂದದ್ದು ಎಲ್ಲಿಂದಲೋ ಬಂದಿರಬೇಕಲ್ಲ. ಒಮ್ಮೆ ಬನದೊಳಗೆ ನೋಡ್ತೇನೆ. ಎಂತದೂ ಮುಟ್ಟುವುದಿಲ್ಲ. ಅಮ್ಮನಿಗೆ ಹೇಳಬೇಡಿ."

ಎಷ್ಟು ಹತ್ತಿರ ಬಂದಿದ್ದಳು! ನನ್ನ ಸುಳ್ಳನ್ನು ಸತ್ಯವೆಂದೇ ಇಟ್ಟುಕೊಂಡು, ಅದರ ಮೇಲೆ ನಡೆದುಕೊಂಡೇ, ಬುದ್ಧಿಯಿಂದ ಸರಿಯಾದ ಜಾಗಕ್ಕೆ ಬಂದು ನಿಂತಿದ್ದಳು. ಹತ್ತು ಮಾರು ಹೋದರೆ ಸಾಕಿತ್ತು.

ನಾನು ಎರಡೂ ಕೈಯಿಂದ ಹೊಟ್ಟೆ ಹಿಡಿದುಕೊಂಡು ಅವಳ ಅಡ್ಡ ನಿಂತೆ.

"ನೀನು ಬನಕ್ಕೆ ಕಾಲಿಟ್ಟರೆ ನನ್ನ ಹೊಟ್ಟೆಯಲ್ಲಿರುವುದಕ್ಕೆ ಆಗ್ತದೆ. ನಿನ್ನ ಲಾಂಬಿಗೋಸ್ಕರ ನನ್ನ ಮಗು ಹೋಗಬೇಕಾ?"

ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಹಾಗೆ ಹೇಳಬೇಡಿ. ಬೇಡ ಅತ್ತಿಗೆ. ನನಗೆ ಬೇಡ." ನನ್ನ ಕೈ ಹಿಡಿದು ಮೆಲ್ಲ ಮೆಟ್ಟಿಲು ಹತ್ತಿಸಿದಳು, ಕೆಸರಲ್ಲಿ ಜಾರಬಾರದೆಂದು.

ಅದೇ ದಿನ, ಎಲ್ಲರೂ ಊಟ ಮಾಡಿ ಮಲಗಿದ ಮಧ್ಯಾಹ್ನ, ನಾನು ಬನದೊಳಗೆ ಹೋದೆ. ಹೊಟ್ಟೆಯಲ್ಲಿ ಮಗು ಒದೆಯುತ್ತಿತ್ತು. ದಿಮ್ಮಿಯ ಹತ್ತಿರ ನಿಂತು ಒಂದೊಂದಾಗಿ ಕಾಲಿನಿಂದ ತುಳಿದೆ. ಚಪ್ಪಲಿ ಇಲ್ಲದ ಕಾಲು. ಮೆತ್ತಗೆ, ತಣ್ಣಗೆ, ಬೆರಳ ಸಂದಿಯಲ್ಲಿ ನುಗ್ಗಿಬಂತು. ಟೊಪ್ಪಿ, ಬಳೆ, ಬಟ್ಟಲು ಏನೂ ಗುರುತು ಸಿಗದ ಹಾಗೆ ತುಳಿದು, ಮೇಲೆ ಎಲೆ ಎಳೆದು, ಬಾವಿಕಟ್ಟೆಯಲ್ಲಿ ಕಾಲು ತೊಳೆದು ಬಂದೆ. ಅವಳನ್ನು ಮಗುವಿನ ಹೆಸರು ಹೇಳಿ ತಡೆದವಳು, ಅದೇ ಮಗುವನ್ನು ಹೊತ್ತುಕೊಂಡು ಒಳಗೆ ಹೋದವಳು — ಇವಳು ನಾನು.

ಸಂಜೆ ದೀಪ ಹಚ್ಚಿದೆ. ಉಪಕಾರಗಳನ್ನು ಎಣಿಸಿದೆ. ಆ ಸಾಲಿನಲ್ಲಿ ಇದೂ ಸೇರಿತ್ತು: ಯಾರೂ ನೋಡಲಿಲ್ಲ, ಸ್ವಾಮಿ, ನಿನ್ನ ದಯೆ.

ಇದಕ್ಕಿಂತ ದೊಡ್ಡ ಪಾಪದ ಮಾತನ್ನು ನಾನು ದೇವರ ಮುಂದೆ ಆಡಿಲ್ಲ.

ಮಗು ನೆಟ್ಟಗೆ ಹುಟ್ಟಿತು. ಹೆಣ್ಣು, ಕೈಕಾಲು ಗಟ್ಟಿ, ಗಂಟಲು ಅದಕ್ಕಿಂತ ಗಟ್ಟಿ. ನಾಗ ಏನೂ ಮಾಡಲಿಲ್ಲ. ಕಟ್ಟಿಗೆ ಮುರಿದಾಗಲೂ ಮಾಡಲಿಲ್ಲ, ತುಳಿದಾಗಲೂ ಮಾಡಲಿಲ್ಲ. ಅವನಿಗೆ ನಾನು ಹೆದರಿದ್ದೇ ಸುಳ್ಳು. ಹೆದರಿದ್ದು ಜನರಿಗೆ. ಅವರ ಬಾಯಿಗೆ. ನಾಗನ ಹೆಸರು ಹೇಳಿಕೊಂಡೆ, ಅಷ್ಟೆ.

ಮಳೆಗಾಲ ಮುಗಿಯಿತು. ಅಣಬೆ ಬರಲಿಲ್ಲ. ಮಾಸ್ಟ್ರು ತರಗತಿಯಲ್ಲಿ ಎಲ್ಲರ ಎದುರಿಗೆ, ಸುಳ್ಳು ಚೀಟಿ ಬರೆಯುವ ಕೈ ಸೂಕ್ಷ್ಮದರ್ಶಕ ಮುಟ್ಟುವುದು ಬೇಡ ಎಂದರಂತೆ. ವಾರಿಜ ಬಂದು ಪುಸ್ತಕಗಳನ್ನು ಅಟ್ಟಕ್ಕೆ ಹಾಕಿದಳು. ಅಳಲಿಲ್ಲ. ನನ್ನ ಮಗುವನ್ನು ಎತ್ತಿಕೊಂಡು ಬಹಳ ಹೊತ್ತು ತಟ್ಟುತ್ತಿದ್ದಳು. ಯಜಮಾನ್ರು, "ಆದದ್ದು ಒಳ್ಳೆಯದಕ್ಕೇ. ಲಾಂಬು ಓದಿ ಯಾರು ಉದ್ಧಾರವಾಗಿದ್ದಾರೆ?" ಎಂದು ಗಂಡು ಹುಡುಕಿದರು. ಬರಿ ನೋಡಿಯೇ ಹುಡುಕಿದರು.

ಈಗ ಅವಳು ಫಳ್ನೀರಿನಲ್ಲಿದ್ದಾಳೆ. ಗಂಡ ಒಳ್ಳೆಯವನು, ಕೈ ಎತ್ತುವವನಲ್ಲ, ಕುಡಿಯುವವನಲ್ಲ. ಇದನ್ನೂ ಉಪಕಾರದ ಲೆಕ್ಕಕ್ಕೆ ಹಾಕಿ ಸಮಾಧಾನ ಮಾಡಿಕೊಂಡಿದ್ದೆ. ಆದರೆ ಒಂದು ಮಾತು. ಮೊದಲು ವಾರಿಜ "ಇದು ಹೀಗೆ" ಎಂದರೆ ಹಾಗೆಯೇ. ಅತ್ತೆಯ ಎದುರಿಗೂ ಎನ್ನುತ್ತಿದ್ದಳು, ಅಣ್ಣನ ಎದುರಿಗೂ. ಈಗ ಯಾವುದನ್ನು ಕೇಳಿದರೂ "ಇರಬಹುದು" ಎನ್ನುತ್ತಾಳೆ. ಮಳೆ ಬರ್ತದಾ ವಾರಿಜ? ಬರಬಹುದು. ಉಪ್ಪು ಸರಿ ಉಂಟಾ? ಇರಬಹುದು ಅತ್ತಿಗೆ. ತನ್ನ ನಾಲಿಗೆಯ ಮೇಲಿನ ಉಪ್ಪನ್ನೂ ನಂಬಲಾರಳು. ಮರದ ನಾರನ್ನು ತನ್ನ ಕಣ್ಣಿಂದ ಕಂಡೂ ನನ್ನ ಮಾತಿಗೆ ಬಿಟ್ಟುಕೊಟ್ಟಳಲ್ಲ, ಅವತ್ತಿನಿಂದ.

ನಾನು ಈಗ ಬಾಯಿಬಿಟ್ಟದ್ದು ಯಾಕೆಂದೂ ಹೇಳಬೇಕು.

ಅತ್ತೆ ತೀರಿಕೊಂಡರು. ಯುದ್ಧ ಮುಗಿಯಿತು, ರೇಷನ್ ಮಾತ್ರ ಮುಗಿಯಲಿಲ್ಲ. ಊರಿನಲ್ಲಿ ಬಾಡಿಗೆ ಮನೆಗಳಿಗೆ ಬೇಡಿಕೆ ಬಂತು. ಹೋದ ಬೇಸಿಗೆಯಲ್ಲಿ ಯಜಮಾನ್ರು ಭಟ್ಟರನ್ನು ಕರೆಸಿ, ನಾಗನಿಗೆ ಪ್ರಾಯಶ್ಚಿತ್ತ ಮಾಡಿಸಿ, ಬನದ ಒಂದು ಮೂಲೆಯಲ್ಲಿ ಸಿಮೆಂಟಿನ ಕಟ್ಟೆ ಕಟ್ಟಿಸಿ ಕಲ್ಲುಗಳನ್ನು ಅದರ ಮೇಲೆ ಕೂರಿಸಿ, ಉಳಿದ ಬನವನ್ನು ಕಡಿಸಿದರು. ಇಡೀ ಬನ! ಮರಗಳು ಗಾಡಿಯಲ್ಲಿ ಹೋದವು. ರೆಂಬೆಗಳನ್ನು ಅಲ್ಲೇ ಒಟ್ಟಿ, ಅದೇ ದಿನದ ಸಮಾರಾಧನೆಯ ಪಾಯಸದ ಕೊಪ್ಪರಿಗೆಯ ಅಡಿಗೆ ಉರಿಸಿದರು. ಎಲ್ಲರೂ ಉಂಡರು. ಎಲೆಯ ತುದಿಗೆ ಪಾಯಸ ಬಡಿಸುತ್ತಾ ಬಂದವಳು ನಾನು. ಯಜಮಾನ್ರು ನನ್ನನ್ನೇ ಕರೆದು, "ದೇವಕಿ, ಬೆಂಕಿ ಚೆನ್ನಾಗಿ ಹಿಡೀತು ನೋಡು, ನಾಗನಿಗೆ ಒಪ್ಪಿಗೆಯಾಗಿದೆ" ಎಂದರು.

ಗಂಡಸರು ಮಂತ್ರ ಹೇಳಿಸಿ ಬನವನ್ನೇ ನುಂಗಿದರೆ ಒಪ್ಪಿಗೆ! ಕಂಕುಳಷ್ಟು ರೆಂಬೆ ಮುರಿದ ಹೆಂಗಸಿಗೆ ಬಂಜೆತನ. ಸೌಟನ್ನು ಎಲೆಯ ಮೇಲೆ ಎಸೆದುಬಿಡಬೇಕು ಎನಿಸಿತು. ಎಸೆಯಲಿಲ್ಲ. ಇನ್ನೊಂದು ಸೌಟು ಬಡಿಸಿದೆ. ಅವರ ಮೇಲಿನ ಸಿಟ್ಟು ನಿಜ, ಆದರೆ ಅದನ್ನು ಮುಂದೆ ಮಾಡಿ ನಾನು ಹಿಂದೆ ಅಡಗುವುದಿಲ್ಲ. ಚೀಟಿಯಲ್ಲಿ ಸುಳ್ಳು ಬರೆಸಿದ್ದು ಅವರಲ್ಲ. ದಿಮ್ಮಿಯ ಮೇಲೆ ಕಾಲಿಟ್ಟದ್ದೂ ಅವರಲ್ಲ.

ಈ ಮಳೆಗಾಲದಲ್ಲಿ ನಾನು ಹುಡುಕಿದೆ. ಬಾಡಿಗೆ ಮನೆಗಳ ಅಡಿಪಾಯದ ಸುತ್ತ, ಉಳಿದ ಬೇರುಗಳ ಮೇಲೆ, ಸಿಮೆಂಟು ಕಟ್ಟೆಯ ಬಿರುಕಿನಲ್ಲಿ. ವಾರಿಜ ಕೂತ ಹಾಗೆಯೇ ಕುಕ್ಕರಗಾಲಿನಲ್ಲಿ ಕೂತು ಹುಡುಕಿದೆ. ಹಾಲಿನವಳು, "ಎಂತ ಅಕ್ಕ, ಚಿನ್ನ ಬಿದ್ದುಹೋಯಿತಾ?" ಎಂದು ಕೇಳಿದಳು. ಏನೂ ಇಲ್ಲ. ಆ ಅಣಬೆ ಲೋಕದಲ್ಲಿ ಬೇರೆ ಎಲ್ಲಿಯಾದರೂ ಉಂಟೋ, ನಮ್ಮ ಬನದ ದಿಮ್ಮಿಯೊಂದರಲ್ಲೇ ಇತ್ತೋ, ನನಗೆ ತಿಳಿಯದು. ಹೆಸರಿಲ್ಲದೆ ಹೋಯಿತು. ಹೆಸರಿಡಬಲ್ಲವಳು ಮನೆಯಲ್ಲೇ ಇದ್ದಳು.

ತರಗತಿಯ ಎದುರಿಗೆ ಅವಳನ್ನು ಮೋಸಗಾತಿ ಎಂದದ್ದನ್ನು ಅಡುಗೆಮನೆಯ ಮೂಲೆಯಲ್ಲಿ ಅವಳ ಕಿವಿಗೆ ಹೇಳಿ ತಿದ್ದಲಾಗದು. ಅದಕ್ಕೆ ಎಲ್ಲರೂ ಓದುವಂತೆ ಬರೆದೆ. ನಾಳೆ ಫಳ್ನೀರಿಗೆ ಹೋಗಿ ಇದನ್ನು ಮೊದಲು ಅವಳಿಗೇ ಓದುತ್ತೇನೆ.

ವಾರಿಜಾ, ನಿನಗೆ ಕೊಡಲು ಅಣಬೆ ಇಲ್ಲ. ಚೀಟಿ ಮಾತ್ರ ಉಂಟು, ನೀನು ಕಲಿಸಿದ ಕ್ರಮದಲ್ಲೇ. ಊರು ಮಂಗಳೂರು, ಮಣ್ಣಗುಡ್ಡ. ಜಾಗ, ನಮ್ಮ ಮನೆಯ ನಾಗಬನ. ಬೆಳೆದದ್ದು ಮಣ್ಣಿನಲ್ಲಲ್ಲ, ಕೊಳೆತ ಪಾಲೆ ಮರದ ದಿಮ್ಮಿಯ ಮೇಲೆ. ಕಾಲಿಗೆ ಬಟ್ಟಲು, ಕೊರಳಿಗೆ ಬಳೆ, ಎರಡೂ ಅದರದ್ದೇ. ಹುಡಿ ಗುಲಾಬಿ, ಅದೂ ಅದರದ್ದೇ. ನೀನು ಕಂಡದ್ದೆಲ್ಲ ಸರಿ. ಕಿತ್ತವಳು ದೇವಕಿ. ತುಳಿದವಳೂ ಅವಳೇ.

ನಾನು ಓದಿ ಮುಗಿಸಿದ ಮೇಲೆ ನೀನು "ಇರಬಹುದು" ಎನ್ನಬೇಡ. ಬೇರೆ ಏನನ್ನೂ ನಾನು ಕೇಳುವುದಿಲ್ಲ, ಕ್ಷಮೆಯನ್ನಂತೂ ಇಲ್ಲ. ಮೊದಲಿನ ಹಾಗೆ ನನ್ನ ಮುಖ ನೋಡಿ ಹೇಳು: ಅತ್ತಿಗೆ, ನೀವು ಸುಳ್ಳು ಹೇಳಿದಿರಿ.